ಎಸ್ಟಿಮೇಟ್ ಬರೆಯುವ ಮೊದಲು ನಮ್ಮ ಕೆರೆ ದಂಡೆಗೆ ಬನ್ನಿ

ಇವರಿಗೆ,
ಧಾರವಾಡ, ಗದಗ, ಹಾವೇರಿ ಸೀಮೆಯ ಹಳ್ಳಿಗಳಿಗೆ ನೀರಿನ ಯೋಜನೆ ಬರೆಯುವ ಎಲ್ಲ ಅಧಿಕಾರಿಗಳಿಗೆ, ಆ ಯೋಜನೆಗಳಿಗೆ ಹಣ ತರುವ ಎಲ್ಲ ಜನಪ್ರತಿನಿಧಿಗಳಿಗೆ

ವಿಷಯ: ಊರನ್ನು ಕೇಳದೆ ಕುಡಿಯುವ ನೀರಿನ ಕೆರೆ ಅಗೆದ ಬಗ್ಗೆ, ಮತ್ತು ಇನ್ನು ಮುಂದೆ ಕೇಳಿಯೇ ಮಾಡಬೇಕು ಎನ್ನುವ ಬಗ್ಗೆ

ಮಾನ್ಯರೇ, ನಮಸ್ಕಾರ.

ನಾನು ನವಲಗುಂದ ತಾಲೂಕಿನ ಒಂದು ಹಳ್ಳಿಯ ರೈತ ಹೆಣ್ಣುಮಗಳು. ನಮ್ಮದು ನಾಲ್ಕು ಎಕರೆ ಎರಿ ಹೊಲ, ಅಂದರೆ ಕರಿ ಮಣ್ಣಿನದು. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಬಿಳಿಜೋಳ. ಊರಿನ ಸ್ತ್ರೀಶಕ್ತಿ ಸಂಘದ ಲೆಕ್ಕದ ಪುಸ್ತಕ ಹದಿನೈದು ವರ್ಷದಿಂದ ನಾನೇ ಬರೆಯುತ್ತಿದ್ದೇನೆ. ರೊಕ್ಕ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ನೋಡುವುದು ಆ ಪುಸ್ತಕದಿಂದ ಬಂದ ರೂಢಿ. ಈ ಪತ್ರ ಹುಟ್ಟಿದ್ದೂ ಅಲ್ಲಿಂದಲೇ.

ಇದರಲ್ಲಿ ಯಾವ ಇಲಾಖೆ, ಯಾವ ಅಧಿಕಾರಿ, ಯಾವ ಗುತ್ತಿಗೆದಾರ ಎಂದು ನಾನು ಹೆಸರು ಹಾಕುವುದಿಲ್ಲ. ಹೆದರಿಕೆಯಿಂದ ಅಲ್ಲ. ಹೆಸರು ಹಾಕಿದರೆ ಅವರೊಬ್ಬರ ವರ್ಗಾವಣೆ ಆಗಬಹುದು, ಅವರ ಜಾಗಕ್ಕೆ ಬಂದವರು ಅದೇ ಎಸ್ಟಿಮೇಟ್ ಫಾರಂ ತುಂಬುತ್ತಾರೆ. ನನ್ನ ದೂರು ಆ ಫಾರಂ ಮೇಲೆ.

ಮೊದಲು ನಮ್ಮ ನೀರಿನ ಕಥೆ ಹೇಳಬೇಕು. ನವಲಗುಂದ, ಅಣ್ಣಿಗೇರಿ, ನರಗುಂದ, ರೋಣ ಕಡೆ ಬೋರು ಹೊಡೆಸಿದರೆ ನೀರು ಬರಲ್ಲ ಅಂತೇನಿಲ್ಲ, ಬರುತ್ತದೆ. ಆದರೆ ಬಹಳ ಕಡೆ ಸವಳು. ಬಾಯಿಗಿಟ್ಟರೆ ಉಪ್ಪು. ಆ ನೀರಲ್ಲಿ ಬೇಳೆ ಬೇಯಲ್ಲ, ಸಬಕಾರ ಎಷ್ಟು ತಿಕ್ಕಿದರೂ ನೊರೆ ಬರಲ್ಲ. ಅದಕ್ಕೇ ಹಿರಿಯರು ಊರೂರಿಗೆ ಕುಡಿಯುವ ನೀರಿನ ಕೆರೆ ಕಟ್ಟಿಕೊಂಡರು. ಮಳೆ ನೀರು, ಹಳ್ಳದ ನೀರು ಅದಕ್ಕೆ ಇಳಿಯುತ್ತಿತ್ತು. ಮಲಪ್ರಭಾ ಕಾಲುವೆ ಬಂದ ಮೇಲೆ ಕಾಲುವೆಗೆ ನೀರು ಬಿಟ್ಟಾಗ ತುಂಬಿಸಿಕೊಳ್ಳುವ ಊರುಗಳೂ ಆದವು. ನಮ್ಮದೂ ಹಾಗೆಯೇ.

ನಾನು ಮದುವೆಯಾಗಿ ಬಂದ ಮರುದಿನವೇ ಅತ್ತೆ ಕೈಗೆ ಕೊಡ ಕೊಟ್ಟು ಕೆರೆಗೆ ಕರೆದುಕೊಂಡು ಹೋದರು. ದಂಡೆ ಹತ್ತುವ ಮುಂಚೆ ಚಪ್ಪಲಿ ಬಿಡಿಸಿದರು, ಗುಡಿಯ ಮುಂದೆ ಬಿಡಿಸಿದ ಹಾಗೆ. ನೀರಿಗೆ ಕಾಲು ತಾಗದಂತೆ ಮೆಟ್ಟಿಲ ಮೇಲೆ ನಿಂತು ಬಗ್ಗಬೇಕು. ಕೊಡದ ತಳದಿಂದ ನೀರನ್ನು ಎರಡು ಸಲ ಆಚೆ ತಳ್ಳಿ ಮೇಲಿನ ಕಸ ಸರಿಸಬೇಕು. ಆಮೇಲೆ ಬಾಯಿಗೆ ನಾಲ್ಕು ಮಡಿಕೆ ಹಳೆ ಸೀರೆ ಬಟ್ಟೆ ಹಿಡಿದು ಕೊಡ ಮುಳುಗಿಸಬೇಕು. ಬಟ್ಟೆ ಒಗೆಯಲು ಬೇರೆ ಹೊಂಡ, ದನದ ಮೈ ತೊಳೆಯಲು ಇನ್ನೊಂದು. ಇದನ್ನೆಲ್ಲ ಯಾರೂ ಬೋರ್ಡ್ ಮೇಲೆ ಬರೆದು ಹಾಕಿರಲಿಲ್ಲ. ಸಣ್ಣ ಹುಡುಗರು ದಂಡೆ ಮೇಲೆ ಚಪ್ಪಲಿ ಮೆಟ್ಟಿಕೊಂಡು ಹೋದರೆ ಯಾವ ಮನೆಯವರಾದರೂ ಬೈಯುತ್ತಿದ್ದರು, ಬೈಸಿಕೊಂಡ ಹುಡುಗನ ತಾಯಿ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

ಈಗ ಮನೆ ಮನೆಗೆ ನಲ್ಲಿ ಬಂದಿದೆ. ಒಳ್ಳೆಯದೇ ಆಯಿತು, ಸೊಂಟದ ನೋವು ಕಮ್ಮಿಯಾಯಿತು. ಆದರೆ ಆ ನಲ್ಲಿಗೆ ನೀರು ಏರಿಸುವುದು ಇದೇ ಕೆರೆಯಿಂದ.

ಎರಡು ವರ್ಷದ ಹಿಂದಿನ ಬೇಸಿಗೆ. ಕೆರೆ ತಳ ಕಂಡಿತ್ತು. ಒಂದು ದಿನ ಬೆಳಿಗ್ಗೆ ಎರಡು ಹಿಟಾಚಿ, ಆರೇಳು ಟಿಪ್ಪರ್ ಬಂದು ನಿಂತವು. ಹೂಳು ತೆಗೆಯುತ್ತೇವೆ ಅಂದರು. ನಮಗೆ ಖುಷಿಯೇ ಆಯಿತು. ಹೂಳು ತೆಗೆಸಿ ಅಂತ ನಾವೇ ಎಷ್ಟು ಸಲ ಅರ್ಜಿ ಕೊಟ್ಟಿದ್ದೆವೋ. ಮೊದಲ ದಿನ ಕೆಲಸದವರಿಗೆ ಊರಿನವರೇ ಚಹಾ, ಅವಲಕ್ಕಿ ಒಯ್ದು ಕೊಟ್ಟೆವು.

ನಾಲ್ಕನೇ ದಿನ ಮಧ್ಯಾಹ್ನ ಕರಿ ಹೂಳು ಮುಗಿಯಿತು. ಅದರ ಕೆಳಗಿನ ಅಂಟು ಮಣ್ಣೂ ಮುಗಿಯುತ್ತ ಬಂತು. ಹಿಟಾಚಿಯ ಬಕೆಟ್‌ನಲ್ಲಿ ಬಿಳಿ ಹರಳು ಬೆರೆತ ಮಣ್ಣು ಮೇಲೆ ಬಂತು. ಅಲ್ಲಿ ವಾಲಿಕಾರ ಮನೆತನದ ಅಜ್ಜ ಒಬ್ಬರು ನಿಂತಿದ್ದರು, ಎಂಬತ್ತು ದಾಟಿದವರು. ಅವರ ತಂದೆ, ಮುತ್ಯಾ ಎಲ್ಲ ಈ ಕೆರೆ ಕಾದವರು. ಅಜ್ಜ ಒಂದು ಹೆಂಟೆ ಎತ್ತಿಕೊಂಡು ಮುರಿದು ನಾಲಿಗೆಗೆ ಹಚ್ಚಿ ನೋಡಿದರು, ಉಗುಳಿದರು. ಆಮೇಲೆ ಕೆಲಸ ನೋಡಿಕೊಳ್ಳುತ್ತಿದ್ದ ಹುಡುಗ ಎಂಜಿನಿಯರ್ ಹತ್ತಿರ ಹೋಗಿ ಕೈ ಮುಗಿದರು.

"ಸಾಹೇಬ್ರ, ಕರಿ ಮಣ್ಣ ಮುಗೀತು. ಇಲ್ಲಿಗೆ ನಿಲ್ಲಿಸ್ರಿ. ಇದರ ಕೆಳಗ ಸವಳ ಐತಿ, ಒಮ್ಮೆ ಬಾಯಿ ತೆರೀತಂದ್ರ ಮುಚ್ಚಾಕ ಬರಂಗಿಲ್ಲ."

ಆ ಹುಡುಗ ಒಳ್ಳೆಯವನೇ. ಅಜ್ಜನಿಗೆ ಕೂರಲು ಜಾಗ ಮಾಡಿಕೊಟ್ಟ. ಆದರೆ ಫೋನಿನಲ್ಲಿ ಏನೋ ನೋಡಿ ಹೇಳಿದ: "ಅಜ್ಜಾರ, ಎಸ್ಟಿಮೇಟ್‌ನ್ಯಾಗ ಇನ್ನೂ ಒಂದೂವರಿ ಮೀಟರ್ ಐತಿ. ನಾ ಏನು ಮಾಡ್ಲಿ?"

ಮಾನ್ಯರೇ, ಆ ಹುಡುಗನ ಪ್ರಶ್ನೆಗೆ ಉತ್ತರ ನೀವು ಕೊಡಬೇಕು. ಅವನು ಏನು ಮಾಡಬೇಕಿತ್ತು? ಎಸ್ಟಿಮೇಟ್ ಬರೆದವರು ಕೆರೆಯ ಮಣ್ಣು ಮುಟ್ಟಿದ್ದರೋ ಇಲ್ಲವೋ, ಅಜ್ಜ ಅಂತೂ ನಾಲಿಗೆಗೇ ಹಚ್ಚಿ ನೋಡಿದರು. ಕಾಗದದ ಮಾತು ನಡೆಯಿತು. ಇನ್ನೂ ಆರು ದಿನ ಅಗೆದರು.

ಅಗೆತ ಯಾಕೆ ನಿಲ್ಲಲಿಲ್ಲ ಎನ್ನುವುದು ನನಗೆ ಆಮೇಲೆ ಅರ್ಥವಾಯಿತು. ಗುತ್ತಿಗೆದಾರರಿಗೆ ರೊಕ್ಕ ಸಿಗುವುದು ತೆಗೆದ ಮಣ್ಣಿನ ಘನ ಮೀಟರಿಗೆ. ಅಗೆದಷ್ಟೂ ಬಿಲ್. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿದರೆ ಬಿಲ್ ಅಲ್ಲಿಗೇ ನಿಲ್ಲುತ್ತದೆ. ಸರಿಯಾದ ಜಾಗದಲ್ಲಿ ಕೆಲಸ ನಿಲ್ಲಿಸಿದವರಿಗೆ ಕೊಡಲು ಆ ಫಾರಂನಲ್ಲಿ ಒಂದು ಪೈಸೆಯೂ ಇಲ್ಲ. ಆದರೆ ನೀರು ಕುಡಿಯುವವರಿಗೆ ಬೇಕಾದದ್ದು ಅದೇ, ಎಲ್ಲಿ ನಿಲ್ಲಿಸಬೇಕು ಅನ್ನುವುದು. ಕೆರೆಯ ತಳದಲ್ಲಿರುವ ಅಂಟು ಮಣ್ಣು ಬಟ್ಟಲಿನ ತಳ ಇದ್ದ ಹಾಗೆ. ಮೇಲಿನ ಸಿಹಿನೀರು ಕೆಳಗೆ ಹೋಗದ ಹಾಗೆ, ಕೆಳಗಿನ ಸವಳು ಮೇಲೆ ಬರದ ಹಾಗೆ ಅದು ತಡೆದಿರುತ್ತದೆ. ಹೂಳು ಎಂದು ಲೆಕ್ಕ ಹಾಕಿ ಆ ತಳವನ್ನೇ ತೆಗೆದುಬಿಟ್ಟರು.

ಆ ವರ್ಷ ಮಳೆ ಚೆನ್ನಾಗಿಯೇ ಆಯಿತು, ಕೆರೆ ತುಂಬಿತು. ಆದರೆ ಮೊದಲು ಬಸವ ಜಯಂತಿವರೆಗೆ ಬರುತ್ತಿದ್ದ ನೀರು ಹೋಳಿ ಹುಣ್ಣಿಮೆಗೇ ತಳ ಸೇರಿತು. ಉಳಿದದ್ದು ರುಚಿ ಕೆಟ್ಟಿತು. ನನಗೆ ಮೊದಲು ಗೊತ್ತಾದದ್ದು ಕುಕ್ಕರಿನಿಂದ. ಮೂರು ಸಿಳ್ಳೆಗೆ ಬೇಯುತ್ತಿದ್ದ ತೊಗರಿಬೇಳೆ ಏಳು ಸಿಳ್ಳೆ ಹೊಡೆದರೂ ಕಾಳು ಕಾಳಾಗಿಯೇ ಇತ್ತು. ಬೇಳೆ ಹಳೆಯದಿರಬೇಕು ಅಂದುಕೊಂಡು ಅಂಗಡಿಯವನ ಜೊತೆ ಜಗಳ ಆಡಿ ಬಂದೆ. ಮರುದಿನ ಓಣಿಯ ಎಲ್ಲರ ಮನೆಯಲ್ಲೂ ಅದೇ ಮಾತು.

ಊರಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಒಂದಿದೆ. ಅದು ಆರು ತಿಂಗಳು ನಡೆದು ನಿಂತದ್ದು ಮತ್ತೆ ಶುರುವಾಗಿಲ್ಲ. ರಿಪೇರಿ ಯಾರು ಮಾಡಿಸಬೇಕು ಎಂದು ಕೇಳಿದರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ಹೀಗಾಗಿ ಬೇಸಿಗೆಯಲ್ಲಿ ಕ್ಯಾನ್ ನೀರು ಕೊಳ್ಳುತ್ತಿದ್ದೇವೆ. ಕೂಲಿ ಮಾಡುವವರ ಮನೆಯಲ್ಲಿ ಅದನ್ನು ಮಕ್ಕಳಿಗೆ ಮಾತ್ರ ಇಟ್ಟು, ದೊಡ್ಡವರು ಸವಳು ನೀರನ್ನೇ ಕುಡಿಯುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಕೆಲಸದ ಕಾಗದಗಳನ್ನು ತರಿಸಿದೆ. ಕಟ್ಟು ಬಂತು, ಬಹಳಷ್ಟು ಇಂಗ್ಲಿಷ್‌ನಲ್ಲಿ. ಪಿಯುಸಿ ಓದುವ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಮೂರು ರಾತ್ರಿ ಓದಿದೆವು. ಅದರಲ್ಲಿ ಒಂದು ಹಾಳೆ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯದು. ಹಳ್ಳಿಯ ಮನೆ ಮನೆಗೆ ನಲ್ಲಿ ಕೊಡುವ ಕೇಂದ್ರದ ಜಲಜೀವನ್ ಮಿಷನ್ 2019ರಲ್ಲಿ ಶುರುವಾದಾಗಲೇ ಇಂಥ ಸಮಿತಿ ಊರೂರಿಗೆ ಇರಬೇಕು, ಅದರಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳು ಇರಬೇಕು, ದುರ್ಬಲ ವರ್ಗದವರು ಇರಬೇಕು ಎಂದು ನಿಯಮ ಮಾಡಿದ್ದಾರೆ. ಒಳ್ಳೆಯ ನಿಯಮ. ನಮ್ಮೂರ ಸಮಿತಿಯ ಪಟ್ಟಿಯಲ್ಲಿ ಏಳನೆಯ ಹೆಸರು ನನ್ನದು.

ನನಗೆ ಗೊತ್ತೇ ಇರಲಿಲ್ಲ. ಸಭೆಗೆ ಕರೆದಿಲ್ಲ, ನೋಟಿಸ್ ಕೊಟ್ಟಿಲ್ಲ. ಹೆಸರಿನ ಮುಂದೆ ಸಹಿ ಇತ್ತು, ಇಂಗ್ಲಿಷ್ ಅಕ್ಷರದಲ್ಲಿ. ಹದಿನೈದು ವರ್ಷ ಸಂಘದ ಪುಸ್ತಕದ ಪ್ರತಿ ಪುಟದ ಕೆಳಗೆ ನಾನು ಕನ್ನಡದಲ್ಲಿ ಸಹಿ ಹಾಕಿದ್ದೇನೆ. ಇಂಗ್ಲಿಷ್‌ನಲ್ಲಿ ನನ್ನ ಹೆಸರನ್ನು ಒಂದು ಸಲವೂ ಬರೆದಿಲ್ಲ. ಮಗಳು ಆ ಹಾಳೆ ನೋಡಿ, "ಅವ್ವಾ, ಕೆರಿ ಅಗೀಲಿಕ್ಕೆ ನೀನೇ ಒಪ್ಪಿಗಿ ಕೊಟ್ಟೀದಿ" ಅಂದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಧಾರವಾಡದಲ್ಲಿ ಒಂದು ತರಬೇತಿಗೆ ಹೋದಾಗ ಗೋಡೆ ಮೇಲೆ 'ಸಮುದಾಯದ ಸಹಭಾಗಿತ್ವದಲ್ಲಿ ಸುಸ್ಥಿರ ಅಭಿವೃದ್ಧಿ' ಎಂದು ಬ್ಯಾನರ್ ಕಟ್ಟಿದ್ದರು. ವಿಶ್ವಸಂಸ್ಥೆ 2015ರಲ್ಲಿ 17 ಗುರಿಗಳನ್ನು ಹಾಕಿಕೊಂಡಿದೆ, ಆರನೆಯದು ನೀರು, ನೀರನ್ನು ನೋಡಿಕೊಳ್ಳುವುದರಲ್ಲಿ ಊರಿನ ಜನರ ಪಾಲು ಇರಬೇಕು ಎಂದು ಅದರಲ್ಲೇ ಬರೆದಿದೆ ಎಂದು ಹೇಳಿಕೊಟ್ಟರು. ನಾನು ಅದನ್ನು ಪುಸ್ತಕದಲ್ಲಿ ಬರೆದುಕೊಂಡು ಬಂದಿದ್ದೆ. ಸಹಭಾಗಿತ್ವ ಅಂದರೆ ಎಲ್ಲ ತೀರ್ಮಾನ ಆದ ಮೇಲೆ ಸಹಿ ತೆಗೆದುಕೊಳ್ಳುವುದು ಅಲ್ಲ, ಅಲ್ವಾ? ತೀರ್ಮಾನ ಆಗುವ ಹೊತ್ತಿಗೆ ನಾವು ಆ ಕೋಣೆಯಲ್ಲಿ ಇರಬೇಕು. ನಾನು ಹೇಳಬೇಕಾದದ್ದು ಇದೊಂದೇ. ಉಳಿದದ್ದೆಲ್ಲ ಇದಕ್ಕೆ ಸಾಕ್ಷಿ.

ನನ್ನ ತವರು ಹಾವೇರಿ ಜಿಲ್ಲೆಯ ಹಾನಗಲ್ ಕಡೆ. ಅಲ್ಲಿ ಕೆರೆ ಜಾಸ್ತಿ, ಭತ್ತದ ಗದ್ದೆಗೆ ಕೆರೆಯೇ ಆಧಾರ. 2002ರಲ್ಲಿ ವಿಶ್ವಬ್ಯಾಂಕ್ ಸಾಲದಲ್ಲಿ ರಾಜ್ಯ ಸರ್ಕಾರ ಸಮುದಾಯದ ಮೂಲಕ ಕೆರೆ ಸುಧಾರಿಸುವ ಯೋಜನೆ ತಂತು. ಜಲ ಸಂವರ್ಧನೆ ಯೋಜನಾ ಸಂಘ ಎಂದು ಅದಕ್ಕೊಂದು ಸಂಸ್ಥೆ. ಹಾವೇರಿ ಜಿಲ್ಲೆಯೂ ಅದರಲ್ಲಿತ್ತು. ಊರಿನಲ್ಲಿ ಕೆರೆ ಬಳಕೆದಾರರ ಸಂಘ ಆಯಿತು, ನಮ್ಮಪ್ಪ ಸದಸ್ಯರಾದರು. ಪಂಚಮಿಗೆ ತವರಿಗೆ ಹೋದಾಗ ನಾನೇ ನೋಡಿದ್ದು: ಗುಡಿ ಮುಂದಿನ ಬಯಲಲ್ಲಿ ರಂಗೋಲಿ ಪುಡಿ, ಇಟ್ಟಿಗೆ ಪುಡಿ, ಬೂದಿ ಹಾಕಿ ಊರಿನವರೇ ಕೆರೆಯ ನಕ್ಷೆ ಬರೆಯುತ್ತಿದ್ದರು. ನೀರು ಬರುವ ದಾರಿ ಯಾವುದು, ತೂಬು ಎಲ್ಲಿ ಸೋರುತ್ತದೆ, ಯಾರ ಗದ್ದೆಗೆ ನೀರು ಮುಟ್ಟುವುದಿಲ್ಲ, ಎಲ್ಲ ಆ ನೆಲದ ಮೇಲೆ ಬಂತು. ಗಂಡಸರು ಬರೆದು ಮುಗಿಸಿದ ಮೇಲೆ ನಮ್ಮ ಚಿಗವ್ವ ಎದ್ದು ಹೋಗಿ ಬಟ್ಟೆ ಒಗೆಯುವ ಕಲ್ಲಿನ ಜಾಗಕ್ಕೆ ಒಂದು ಹಿಡಿ ಅರಿಶಿನ ಹಾಕಿ ಬಂದಳು. ಅದು ಗಂಡಸರ ನಕ್ಷೆಯಲ್ಲಿ ಇರಲೇ ಇಲ್ಲ. ಹೂಳನ್ನು ರೈತರೇ ಟ್ರ್ಯಾಕ್ಟರ್‌ನಲ್ಲಿ ತಮ್ಮ ತಮ್ಮ ಹೊಲಕ್ಕೆ ಹೊಡೆದುಕೊಂಡರು. ಹೊಲಕ್ಕೆ ಹಾಕುವ ಮಣ್ಣಾದ್ದರಿಂದ ಎಲ್ಲಿ ಒಳ್ಳೆ ಮಣ್ಣು ಮುಗಿಯಿತೋ ಅಲ್ಲಿ ಅಗೆತವೂ ತಾನಾಗಿಯೇ ನಿಂತಿತು.

ಆ ಬಳಕೆದಾರರ ಸಂಘ ಈಗ ನಡೆಯುತ್ತಿಲ್ಲ ಎನ್ನುವುದನ್ನೂ ಹೇಳಬೇಕು. ಯೋಜನೆ ಮುಗಿಯಿತು, ತರಬೇತಿ ಕೊಡುತ್ತಿದ್ದವರು ಹೊರಟುಹೋದರು, ಸಂಘದ ಕೈಯಲ್ಲಿ ರೊಕ್ಕವೂ ಇಲ್ಲ, ಅಧಿಕಾರವೂ ಇಲ್ಲ. ತೂಬಿನ ಗೇಟು ಕೆಟ್ಟರೆ ಮತ್ತೆ ಅರ್ಜಿ ಹಿಡಿದು ಕಚೇರಿಗೆ ಅಲೆಯಬೇಕಾಯಿತು. ಸಂಘ ಬೇಕು ಎಂದು ಕಟ್ಟಿಸಿದವರು ಅದು ಬದುಕಲು ಬೇಕಾದದ್ದನ್ನು ಬಿಟ್ಟುಹೋಗಲಿಲ್ಲ.

ಇನ್ನೊಂದು ಊರು ನೋಡಿದ್ದು ರೈತರ ಪ್ರವಾಸದಲ್ಲಿ. ಮಹಾರಾಷ್ಟ್ರದ ಅಹಮದ್‌ನಗರ ಜಿಲ್ಲೆಯ (ಈಗ ಅಹಿಲ್ಯಾನಗರ) ಹಿವರೆ ಬಜಾರ್. ಅಲ್ಲಿ ಮಳೆ ನಮಗಿಂತ ಕಮ್ಮಿ. 1990ರ ಸುಮಾರಿಗೆ ಪೋಪಟರಾವ್ ಪವಾರ್ ಸರಪಂಚರು, ಅಂದರೆ ಗ್ರಾಮ ಪಂಚಾಯಿತಿ ಮುಖ್ಯಸ್ಥರು, ಆದ ಕಾಲಕ್ಕೆ ಊರಿನ ಎಷ್ಟೋ ಜನ ದುಡಿಯಲು ಪುಣೆ, ಮುಂಬೈ ಸೇರಿದ್ದರಂತೆ. ಊರಿನವರು ಗುಡ್ಡದಲ್ಲಿ ಕಾಲುವೆ ತೋಡಿ ಮಳೆ ನೀರು ಹಿಡಿದರು, ಮರ ಕಡಿಯುವುದು, ಗುಡ್ಡದಲ್ಲಿ ದನ ಬಿಡುವುದು ನಿಲ್ಲಿಸಿದರು. ಬೇಸಾಯಕ್ಕೆ ಬೋರು ಹೊಡೆಸುವಂತಿಲ್ಲ, ಕಬ್ಬು ಹಾಕುವಂತಿಲ್ಲ ಎಂದು ಗ್ರಾಮಸಭೆಯಲ್ಲೇ ಕಟ್ಟು ಹಾಕಿಕೊಂಡರು. ಪ್ರತಿ ವರ್ಷ ಬಿದ್ದ ಮಳೆ ಅಳೆದು, ಕುಡಿಯಲು ಎಷ್ಟು, ದನಕ್ಕೆ ಎಷ್ಟು, ಉಳಿದದ್ದರಲ್ಲಿ ಯಾವ ಬೆಳೆ ಎಂದು ನೀರಿನ ಬಜೆಟ್ ಮಾಡುತ್ತಾರೆ. ಅಲ್ಲಿಗೂ ಸರ್ಕಾರದ ಹಣವೇ ಹೋಗಿದೆ, ಆದರ್ಶ ಗಾವ್ ಯೋಜನೆ ಮತ್ತಿತರ ಹೆಸರಿನಲ್ಲಿ. ಹಣ ಸರ್ಕಾರದ್ದು, ಹೇಗೆ ಮಾಡಬೇಕು ಎನ್ನುವ ಮಾತು ಊರಿನದು. ಪವಾರ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು.

ಅದೇ ಮಹಾರಾಷ್ಟ್ರದಲ್ಲಿ 1972ರ ಬರಗಾಲದ ನಂತರ ಪುಣೆ ಜಿಲ್ಲೆಯ ಪುರಂದರ ತಾಲೂಕಿನಲ್ಲಿ ವಿಲಾಸರಾವ್ ಸಾಳುಂಖೆ ಅವರು ಪಾನಿ ಪಂಚಾಯತ್ ಶುರು ಮಾಡಿದರು. ಅದರ ಲೆಕ್ಕ ನನಗೆ ಬಹಳ ಹಿಡಿಸಿತು. ನೀರು ಹಂಚುವುದು ಎಕರೆ ಲೆಕ್ಕದಲ್ಲಿ ಅಲ್ಲ, ಮನೆಯಲ್ಲಿ ಎಷ್ಟು ಜನ ಇದ್ದಾರೆ ಎನ್ನುವ ಲೆಕ್ಕದಲ್ಲಿ. ಭೂಮಿ ಇಲ್ಲದವರಿಗೂ ನೀರಿನಲ್ಲಿ ಪಾಲು.

ನಮ್ಮಂಥ ಬಡ ಸೀಮೆಗಳು ಹೊರದೇಶದಲ್ಲೂ ಇದೇ ದಾರಿ ಹಿಡಿದಿವೆ. ನೇಪಾಳ 1993ರಲ್ಲಿ ಕಾನೂನು ಮಾಡಿ ಕಾಡನ್ನು ಊರಿನ ಬಳಕೆದಾರರ ಗುಂಪುಗಳ ಕೈಗೆ ಕೊಟ್ಟಿತು. ಇಂಥ ಗುಂಪುಗಳು ಇಪ್ಪತ್ತು ಸಾವಿರಕ್ಕೂ ಜಾಸ್ತಿ ಇವೆ, ಬೋಳಾಗಿದ್ದ ಗುಡ್ಡಗಳು ಮತ್ತೆ ಹಸಿರಾಗಿವೆ. ಆಫ್ರಿಕಾದ ನೈಜರ್ ದೇಶದಲ್ಲಿ ಹೊಲದ ಮರವೂ ಸರ್ಕಾರದ್ದೇ ಎಂದು ಕಾನೂನು ಇದ್ದಾಗ ರೈತರು ಚಿಗುರಿದ ಗಿಡವನ್ನು ಕಿತ್ತು ಹಾಕುತ್ತಿದ್ದರು. ಮರ ತಮ್ಮದು ಎನ್ನುವ ನಂಬಿಕೆ ಬಂದ ಮೇಲೆ ಅವರೇ ಬೇರಿನಿಂದ ಒಡೆದ ಚಿಗುರನ್ನು ಕಾಯ್ದು ಸುಮಾರು 50 ಲಕ್ಷ ಹೆಕ್ಟೇರಿನಲ್ಲಿ ಮರ ಬೆಳೆಸಿದರು. ಪಕ್ಕದ ಬುರ್ಕಿನಾ ಫಾಸೊದಲ್ಲಿ ಯಾಕೂಬಾ ಸವಡೋಗೊ ಎಂಬ ರೈತ ಗಟ್ಟಿ ನೆಲದಲ್ಲಿ ಸಣ್ಣ ಸಣ್ಣ ಗುಂಡಿ ತೋಡಿ, ಗೊಬ್ಬರ ಹಾಕಿ, ಮಳೆಗೆ ಕಾದು ಬಿತ್ತುವ ಹಳೆ ಪದ್ಧತಿಯನ್ನು ಸುಧಾರಿಸಿ ಸತ್ತ ಭೂಮಿಯಲ್ಲಿ ಜೋಳ ಬೆಳೆದ. ನಾವು ತಿನ್ನುವುದೂ ಜೋಳವೇ. ಅದಕ್ಕೇ ಆ ರೈತನ ವಿಷಯ ಕೇಳಿದಾಗ ನಮ್ಮವನೇ ಅನಿಸಿತು.

ದೂರದ ಮಾತು ಸಾಕು. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಪತ್ತಿನ ಸಂಘ ಕಟ್ಟಿದರು. ಏಷ್ಯಾಕ್ಕೇ ಮೊದಲನೆಯದು ಎಂದು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆಗ ಹಳ್ಳಿಯಲ್ಲಿ ಎಷ್ಟು ಜನಕ್ಕೆ ಓದು ಬರುತ್ತಿತ್ತು? ಆದರೂ ಸಾಲ ಯಾರಿಗೆ ಕೊಡಬೇಕು, ಯಾವಾಗ ವಸೂಲಿ ಮಾಡಬೇಕು ಎಂದು ರೈತರೇ ಕೂತು ತೀರ್ಮಾನಿಸಿದರು. ಶಿರಹಟ್ಟಿ ಕಡೆಯ ಮಾಗಡಿ ಕೆರೆಯನ್ನು ನೋಡಿ. ಚಳಿಗಾಲಕ್ಕೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ. 2024ರಲ್ಲಿ ಅದು ಜಗತ್ತಿನ ಮುಖ್ಯ ಕೆರೆ, ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಹಕ್ಕಿ ಹೊಲಕ್ಕಿಳಿದರೂ ಸಹಿಸಿಕೊಂಡ ರೈತರು ಇಲ್ಲದಿದ್ದರೆ ಆ ಗೌರವ ಎಲ್ಲಿಂದ ಬರಬೇಕು? ಕಪ್ಪತಗುಡ್ಡ ಗಣಿಗೆ ಹೋಗದಂತೆ ಬೀದಿಗೆ ಇಳಿದವರೂ ಗದಗ ಜಿಲ್ಲೆಯ ಜನರೇ, ಮಠದ ಸ್ವಾಮಿಗಳೇ. 2019ರಲ್ಲಿ ಅದು ವನ್ಯಜೀವಿಧಾಮ ಆಯಿತು. ಇಂಥ ಸೀಮೆಯ ಜನಕ್ಕೆ ಕೆರೆಯ ಆಳ ಎಷ್ಟಿರಬೇಕು ಎಂದು ಹೇಳಲು ಬರುವುದಿಲ್ಲವೇ?

ಕಾನೂನು ನಮ್ಮ ಕಡೆಗೇ ಇದೆ. ಸಂವಿಧಾನದ 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ ಪಂಚಾಯಿತಿಗೆ ಕೊಡಬಹುದಾದ 29 ವಿಷಯಗಳ ಪಟ್ಟಿ ಬಂತು. ಸಣ್ಣ ನೀರಾವರಿ, ಜಲಾನಯನ, ಕುಡಿಯುವ ನೀರು ಮೂರೂ ಅದರಲ್ಲಿವೆ. ಅದಕ್ಕೂ ಹತ್ತು ವರ್ಷ ಮುಂಚೆ, 1983ರಲ್ಲಿ, ನಮ್ಮ ರಾಜ್ಯದಲ್ಲಿ ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರು ಹಳ್ಳಿಗೆ ಅಧಿಕಾರ ಕೊಡುವ ಕಾಯ್ದೆ ತಂದಿದ್ದರು. ಹಳ್ಳಿ ಹಳ್ಳಿಗೆ ಕುಡಿಯುವ ನೀರು ಕೊಡಿಸಿದ್ದಕ್ಕೆ ಜನ ಅವರನ್ನು ನೀರ್ ಸಾಬ್ ಎಂದು ಕರೆದರು. ನೀರು ಮತ್ತು ಅಧಿಕಾರ ಎರಡೂ ಒಟ್ಟಿಗೆ ಹಳ್ಳಿಗೆ ಹೋಗಬೇಕು ಎಂದು ಆ ಮನುಷ್ಯನಿಗೆ ಗೊತ್ತಿತ್ತು. ನಮಗೆ ಈಗ ಬರುತ್ತಿರುವುದು ಪೈಪು ಮಾತ್ರ.

ಊರಿನ ತಪ್ಪನ್ನೂ ಮುಚ್ಚಿಡುವುದಿಲ್ಲ. ಕೆರೆಗೆ ನೀರು ತರುವ ಹಳ್ಳದ ದಂಡೆಯನ್ನು ಒತ್ತಿಕೊಂಡು ಉಳುಮೆ ಮಾಡಿದವರು ನಮ್ಮೂರ ರೈತರೇ. ಒಂದು ಕಾಲಕ್ಕೆ ಇದೇ ಕೆರೆಯಲ್ಲಿ ದಲಿತ ಹೆಣ್ಣುಮಕ್ಕಳು ಕೊಡ ಮುಳುಗಿಸುವಂತಿರಲಿಲ್ಲ. ಮೇಲೆ ನಿಂತು, ಯಾರಾದರೂ ಕೊಡಕ್ಕೆ ನೀರು ಹಾಕಲಿ ಎಂದು ಕಾಯುತ್ತಿದ್ದರು. ನಮ್ಮ ಅತ್ತೆಯೇ ಹೇಳಿದ್ದು, ಹೇಳುವಾಗ ತಲೆ ಬಗ್ಗಿಸಿದ್ದರು. ಹಾಗಾಗಿ ಊರು ಅಂದರೆ ಪಂಚಾಯಿತಿ ಕಟ್ಟೆಯ ಮೇಲೆ ಕೂರುವ ನಾಲ್ಕು ಜನ ಎಂದು ತಿಳಿದುಕೊಳ್ಳಬೇಡಿ. ಅವರ ಕೈಗೆ ಕೊಟ್ಟರೆ ಗುತ್ತಿಗೆದಾರರ ಜಾಗಕ್ಕೆ ಅವರು ಬರುತ್ತಾರೆ, ಅಷ್ಟೇ. ಕೂಲಿ ಮಾಡುವವರು, ಕೆಳಗಿನ ಓಣಿಯವರು, ನೀರು ಹೊರುವ ಹೆಣ್ಣುಮಕ್ಕಳು ಮಾತಾಡುವ ಸಭೆ ಆಗಬೇಕು. ಅದು ಕಷ್ಟ. ಹೆಂಗಸರು ಗ್ರಾಮಸಭೆಗೆ ಹೋದರೆ ಮನೆಯಲ್ಲಿ ರೊಟ್ಟಿ ಯಾರು ಬಡಿಯಬೇಕು ಎಂದು ಕೇಳುವ ಗಂಡಸರು ಇನ್ನೂ ಇದ್ದಾರೆ. ಕಷ್ಟ ಎಂದು ಬಿಟ್ಟುಬಿಟ್ಟರೆ ಮತ್ತೆ ಯಾರೋ ನನ್ನ ಹೆಸರಿನಲ್ಲಿ ಸಹಿ ಹಾಕುತ್ತಾರೆ.

ಈಗ ನಮ್ಮ ಬೇಡಿಕೆ ಕೇಳಿ.

ಕೆರೆಯ ಯಾವ ಕೆಲಸವಾದರೂ ಎಸ್ಟಿಮೇಟ್ ಬರೆಯುವ ಮುಂಚೆ ಎಂಜಿನಿಯರ್ ಊರಿಗೆ ಬಂದು, ಊರಿನವರ ಜೊತೆ ಕೆರೆ ಸುತ್ತಿ, ಮೂರು ನಾಲ್ಕು ಕಡೆ ಗುಂಡಿ ತೆಗೆಸಿ ಮಣ್ಣು ನೋಡಬೇಕು. ಒಂದು ದಿನದ ಕೆಲಸ. ಬರೆದ ಎಸ್ಟಿಮೇಟನ್ನು ಕನ್ನಡದಲ್ಲಿ, ಎಲ್ಲರಿಗೂ ತಿಳಿಯುವ ಹಾಗೆ ಗ್ರಾಮಸಭೆಯಲ್ಲಿ ಓದಿ ಹೇಳಬೇಕು, ಪಂಚಾಯಿತಿ ಗೋಡೆಗೆ ಹಚ್ಚಬೇಕು. ಗ್ರಾಮಸಭೆ ಸಂಜೆ ಆಗಲಿ, ಕೂಲಿಗೆ ಹೋದವರು ಮನೆಗೆ ಬಂದ ಮೇಲೆ.

ಕೆಲಸದ ಕೊನೆಯ ಬಿಲ್ ಪಾಸ್ ಆಗುವ ಮುಂಚೆ ನೀರಿನ ಸಮಿತಿ ಕೆರೆ ಬಳಿ ಕೂತು ಸರಿಯಾಗಿದೆಯೇ ಎಂದು ನೋಡಬೇಕು. ಸಮಿತಿಯಲ್ಲಿ ಯಾರಿದ್ದಾರೆ ಎಂದು ಊರಿಗೆ ಗೊತ್ತಿರಬೇಕು, ಸದಸ್ಯರಿಗೂ ಗೊತ್ತಿರಬೇಕು. ಎಸ್ಟಿಮೇಟ್‌ನಲ್ಲಿ ಬರೆದ ಆಳಕ್ಕಿಂತ ಮುಂಚೆಯೇ ಅಗೆತ ನಿಲ್ಲಿಸಿದರೆ ಉಳಿದ ಹಣ ವಾಪಸ್ ಹೋಗದೆ ಅದೇ ಕೆರೆಯ ದಂಡೆಗೆ, ಮೆಟ್ಟಿಲಿಗೆ, ಹಳ್ಳದ ಒತ್ತುವರಿ ಬಿಡಿಸಲು ಬಳಸುವಂತೆ ಫಾರಂ ತಿದ್ದಿ. ಒತ್ತುವರಿ ಬಿಡಿಸಲು ಬಂದಾಗ ನಮ್ಮವರೇ ಅಡ್ಡ ನಿಂತರೆ, ನಿಮ್ಮ ಪಕ್ಕದಲ್ಲಿ ನಿಂತು ಮಾತಾಡಲು ನಮ್ಮ ಸಂಘದ ಹೆಣ್ಣುಮಕ್ಕಳು ಬರುತ್ತೇವೆ.

ಪ್ರತಿ ವರ್ಷ ಕೆರೆ ನೋಡಿಕೊಳ್ಳಲು ಒಂದು ಸಣ್ಣ ಮೊತ್ತ ಸಮಿತಿಯ ಖಾತೆಗೆ ಬರಲಿ. ದೊಡ್ಡ ಹಣ ಬೇಡ. ಮುಳ್ಳುಕಂಟಿ ಕಡಿಸಲು, ನೀರು ಬರುವ ದಾರಿ ಸ್ವಚ್ಛ ಮಾಡಲು, ನಿಂತುಹೋದ ಘಟಕದ ರಿಪೇರಿಗೆ ಸಾಕಾಗುವಷ್ಟು. ಲೆಕ್ಕ ನಾವು ಬರೆಯುತ್ತೇವೆ. ಸಂಘದ ಪುಸ್ತಕದಲ್ಲಿ ಹದಿನೈದು ವರ್ಷದಲ್ಲಿ ಒಂದು ರೂಪಾಯಿ ಹೆಚ್ಚುಕಮ್ಮಿ ಆಗಿಲ್ಲ, ಯಾರು ಬೇಕಾದರೂ ಬಂದು ನೋಡಬಹುದು.

ಎಲ್ಲಕ್ಕಿಂತ ತುರ್ತು ನಮ್ಮ ಕೆರೆಯದು. ಕೆರೆಯ ಮುರಿದ ತಳವನ್ನು ಮತ್ತೆ ಕಟ್ಟಬಹುದು ಎಂದು ಅಜ್ಜ ಹೇಳುತ್ತಾರೆ. ಹೊಲದ ಅಂಟು ಎರಿ ಮಣ್ಣು ತಂದು ಹರಡಿ, ನೀರು ಹಾಕಿ ನೆನೆಸಿ, ದನ ತುಳಿಸಿ, ಪದರ ಪದರವಾಗಿ ಗಟ್ಟಿ ಮಾಡಬೇಕು. ನಾವು ಊರಿನಲ್ಲಿ ಮೂರು ಸಲ ಸಭೆ ಸೇರಿದ್ದೇವೆ, ಮೂರನೆಯ ಸಭೆ ಕೆಳಗಿನ ಓಣಿಯಲ್ಲಿ ಆಯಿತು. ಹನ್ನೊಂದು ಜನ ಟ್ರ್ಯಾಕ್ಟರ್ ಕೊಡಲು ಒಪ್ಪಿದ್ದಾರೆ. ಇಬ್ಬರು ತಮ್ಮ ಹೊಲದಿಂದ ಮಣ್ಣು ಕೊಡುತ್ತಾರೆ. ಜೋಡೆತ್ತು ಇಟ್ಟುಕೊಂಡವರು ನಮ್ಮಲ್ಲಿ ಇನ್ನೂ ಇದ್ದಾರೆ. ಮನೆಗೊಬ್ಬರಂತೆ ಆಳು ಬರುತ್ತಾರೆ, ಕೂಲಿಯವರಿಗೆ ದಿನದ ಕೂಲಿ ತಪ್ಪದಂತೆ ಉದ್ಯೋಗ ಖಾತ್ರಿ ಕೆಲಸ ಇಲ್ಲೇ ಕೊಟ್ಟರೆ ಸಾಕು. ಆದರೆ ಕೆರೆ ಸರ್ಕಾರದ್ದು, ಅನುಮತಿ ಇಲ್ಲದೆ ಮುಟ್ಟಿದರೆ ಕೇಸು ಹಾಕುತ್ತೇವೆ ಎಂದು ನಮಗೆ ಹೇಳಿದ್ದಾರೆ. ಅನುಮತಿ ಕೊಡಿ. ಮಣ್ಣಿನ ಪದರ ಎಷ್ಟು ದಪ್ಪ ಇರಬೇಕು, ಎಷ್ಟು ಗಟ್ಟಿಯಾಗಬೇಕು ಎಂದು ನೋಡಲು ಮಣ್ಣು ಬಲ್ಲ ಒಬ್ಬ ಎಂಜಿನಿಯರನ್ನು ಕಳಿಸಿ. ಆ ಹುಡುಗ ಎಂಜಿನಿಯರೇ ಬಂದರೂ ಸಂತೋಷ. ಈ ಸಲ ಅವನ ಫೋನಿನಲ್ಲಿ ಇರುವ ಎಸ್ಟಿಮೇಟ್ ಅಜ್ಜನ ಪಕ್ಕ ಕೂತು ಬರೆದದ್ದಾಗಿರಲಿ.

ಮುಂಗಾರು ಶುರುವಾಗುವ ಮುಂಚೆ, ಕೆರೆ ಒಣಗಿದ್ದಾಗಲೇ ಈ ಕೆಲಸ ಆಗಬೇಕು. ರೋಹಿಣಿ ಮಳೆ ಬಿದ್ದರೆ ಮತ್ತೆ ಒಂದು ವರ್ಷ ಸವಳೇ ಗತಿ. ನೀವು ಯಾವ ದಿನ ಬಂದರೂ ನಾವು ಸಿಗುತ್ತೇವೆ. ಬೆಳಿಗ್ಗೆ ಬಂದರೆ ಒಳ್ಳೆಯದು, ಬಿಸಿಲು ಏರುವ ಮುಂಚೆ ತಳದವರೆಗೆ ಇಳಿದು ನೋಡಬಹುದು. ಕರಿ ಮಣ್ಣು ಎಲ್ಲಿ ಮುಗಿಯುತ್ತದೆ, ಬಿಳಿ ಹರಳು ಎಲ್ಲಿ ಶುರುವಾಗುತ್ತದೆ ಎಂದು ಅಜ್ಜ ಕೈ ಹಿಡಿದು ತೋರಿಸುತ್ತಾರೆ. ಊಟಕ್ಕೆ ನಮ್ಮ ಮನೆಗೇ ಬನ್ನಿ. ಚಪ್ಪಲಿ ಮಾತ್ರ ಕೆರೆ ದಂಡೆಯ ಕೆಳಗೆ ಬಿಡಬೇಕಾಗುತ್ತದೆ.

ಇಂತಿ,
ನವಲಗುಂದ ತಾಲೂಕಿನ ಒಬ್ಬ ರೈತ ಮಹಿಳೆ,
ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯ ಪಟ್ಟಿಯಲ್ಲಿ ಏಳನೆಯ ಹೆಸರಿನವಳು